ಮಾಸ್ತರರ ವಿಷ್ಣುಕ್ರಾಂತಿ

ಸಿದ್ದಾರೂಢ ಮಾತು ಕಡಿಮೆಯ ಮನುಷ್ಯ. ಅವನಿಗೆ ಬಂದ ತಾಪತ್ರಯಗಳೆಲ್ಲ ಬಾಯಿ ತೆರೆದಾಗಲೇ ಬಂದಿದ್ದವು. ಸುಮ್ಮನಿದ್ದಾಗ ಒಂದೂ ಹತ್ತಿರ ಸುಳಿದಿರಲಿಲ್ಲ. ಆ ದಿನ ಬೆಳಿಗ್ಗೆಯೂ ವೀರುವಿನ ಅಂಗಡಿಯಲ್ಲಿ ಚಹಾ ಕುಡಿದು ಸುಮ್ಮನೆ ಎದ್ದುಬಂದಿದ್ದರೆ ಊರಿಗೆ ಊರೇ ಗುಡ್ಡ ಹತ್ತುತ್ತಿರಲಿಲ್ಲ.

"ಏನ್ರೀ ಸರ, ಇವತ್ತ ಇಸ್ತ್ರಿ ಅಂಗಿ?" ಎಂದು ವೀರು ಕೇಳಿದ.

ಉಳಿದ ದಿನಗಳಲ್ಲಾದರೆ ಸಿದ್ದಾರೂಢ 'ಹ್ಞೂಂ' ಎಂದು ಮುಗಿಸುತ್ತಿದ್ದ. ಅಂದು ಒಳಗಿನ ಸಂತೋಷ ಕಾಯಿಸಲಿಟ್ಟ ಹಾಲಿನಂತೆ ಅವನು ಬೇರೆ ಕಡೆ ನೋಡುತ್ತಿರುವಾಗಲೇ ಉಕ್ಕಿತು.

"ಧಾರವಾಡದಿಂದ ಮೇಡಂ ಬರಾಕತ್ತಾರ. ನಮ್ಮ ಗುಡ್ಡದಾಗಿನ ಹೂ ನೋಡಾಕ. ಅಂಥಾ ಹೂ ಈ ಸೀಮ್ಯಾಗ ಎಲ್ಲೂ ಇಲ್ಲ."

ಅಷ್ಟೇ ಹೇಳಿದ್ದು. ಅವನ ಮಟ್ಟಿಗೆ ಅದು ಭಾಷಣ.

ಊರು ಕೆಂಚನಹಾಳ. ಶಿರಹಟ್ಟಿಯಿಂದ ಮುಂಡರಗಿಯ ಕಡೆ ಹೋಗುವಾಗ ಗುಡ್ಡದ ಬುಡದಲ್ಲಿ ಸಿಗುವ, ಬಸ್ಸಿನವರು ಮನಸ್ಸು ಬಂದರೆ ನಿಲ್ಲಿಸುವ ಊರು. ಸಿದ್ದಾರೂಢ ಇಲ್ಲಿಂದ ದಿನಾ ಲಕ್ಷ್ಮೇಶ್ವರದ ಕಾಲೇಜೊಂದಕ್ಕೆ ಹೋಗಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದ. ಅತಿಥಿ ಉಪನ್ಯಾಸಕ. ವರ್ಷ ವರ್ಷವೂ ಅತಿಥಿಯೇ. ಮೊನ್ನೆ ಪ್ರಾಂಶುಪಾಲರು ಕರೆದು, ಸಸ್ಯಶಾಸ್ತ್ರಕ್ಕೆ ಹುಡುಗರಿಗಿಂತ ಬೆಂಚುಗಳೇ ಹೆಚ್ಚಾಗಿವೆ, ಬರುವ ವರ್ಷ ನಿಮ್ಮನ್ನು ಇಟ್ಟುಕೊಳ್ಳುವುದು ಕಷ್ಟ ಎಂದಿದ್ದರು. ಅದೇ ವಾರ ಧಾರವಾಡದಿಂದ ವನಿತಾ ಮೇಡಂ ಫೋನ್ ಮಾಡಿದರು. ಗಿಡಗಳನ್ನು ಗುರುತಿಸುವುದರಲ್ಲಿ ದೊಡ್ಡ ಹೆಸರು ಅವರದು. ಅವರ ಕೈಯಲ್ಲಿ ಒಂದು ಸಂಶೋಧನಾ ಹುದ್ದೆ ಇತ್ತು. "ನೀವು ಬರೆದದ್ದು ನಿಜವಾಗಿದ್ದರೆ ಆ ಹುದ್ದೆ ನಿಮ್ಮದು. ನಾನೇ ಬಂದು ನೋಡ್ತೀನಿ" ಎಂದಿದ್ದರು.

ಅವನು ಬರೆದದ್ದು ವಿಷ್ಣುಕ್ರಾಂತಿಯ ಬಗ್ಗೆ. ಅಂಗಿಯ ಗುಂಡಿಯಷ್ಟಗಲದ ನೀಲಿ ಹೂ, ನೆಲ ಹಿಡಿದು ಹರಡುವ ಗಿಡ, ಎಲ್ಲರೂ ತುಳಿದುಕೊಂಡು ಹೋಗುವಂಥದು. ಆದರೆ ಅದರಲ್ಲಿ ಎರಡು ಉಪಪ್ರಭೇದ. ಹೂವಿನ ಬುಡದ ಹಸಿರು ಎಸಳನ್ನು ಭೂತಗನ್ನಡಿಯಲ್ಲಿ ನೋಡಿದರೆ, ನಮ್ಮ ಕಡೆಯದರ ರೋಮ ಎಣ್ಣೆ ಹಚ್ಚಿ ಬಾಚಿದಂತೆ ಒರಗಿ ಮಲಗಿರುತ್ತದೆ. ರಾಜಸ್ಥಾನದ ಮರುಭೂಮಿಯದರ ರೋಮ ನಾಯಿ ಕಂಡ ಬೆಕ್ಕಿನ ಬೆನ್ನಿನಂತೆ ನೆಟ್ಟಗೆ ನಿಂತಿರುತ್ತದೆ. ಉಳಿದದ್ದೆಲ್ಲ ಒಂದೇ. ಊರ ಹಿಂದಿನ ಕಲ್ಲು ಇಳಿಜಾರಿನಲ್ಲಿ, ಕೆಳಗಿನ ಭಾಗದಲ್ಲಿ ಮಲಗಿದ ರೋಮದ್ದೂ ಮೇಲಿನ ಭಾಗದಲ್ಲಿ ನಿಂತ ರೋಮದ್ದೂ ಇರುವುದನ್ನು ಸಿದ್ದಾರೂಢ ಕಂಡುಕೊಂಡಿದ್ದ. ಅಂದಿನಿಂದ ದಿನಾ ನಸುಕಿನಲ್ಲಿ ಹೋಗಿ ಅವುಗಳ ನಡುವೆ ಕುಕ್ಕರಗಾಲಲ್ಲಿ ಕೂತು ಬರುತ್ತಿದ್ದ. ಮಾತಾಡದ ಅವನಿಗೆ ಮಾತು ಬೇಡದ ಜೊತೆ ಸಿಕ್ಕಿತ್ತು. ಸಾವಿರಾರು ವರ್ಷಗಳ ಹಿಂದಿನ ಮರುಭೂಮಿಯ ಒಂದು ತುಣುಕು ಈ ಸೀಮೆಯಲ್ಲಿ ಉಳಿದುಬಿಟ್ಟಿದೆ, ಈ ಹೂ ಆ ಕಾಲದ ಮೌನವನ್ನು ಹೊತ್ತು ಕೂತಿದೆ ಎಂದು ಅವನಿಗೆ ಅನ್ನಿಸಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಕೇಳುವವರೂ ಇರಲಿಲ್ಲ.

ಈಗ ಕೇಳುವವರು ಬಂದರು.

ಅವನು ಮನೆಗೆ ಬಂದು ತಟ್ಟೆಯ ಮುಂದೆ ಕೂತಿದ್ದನಷ್ಟೆ, ಗುಡಿ ಕಮಿಟಿ ಅಧ್ಯಕ್ಷ ಹುಚ್ಚೀರಪ್ಪ ಬೈಕು ನಿಲ್ಲಿಸಿ ಒಳಗೇ ಬಂದು ಕೂತ.

"ಏನ ಮಾಸ್ತರ, ಊರಾಗ ಇಂಥಾ ಹೂ ಐತಿ ಅನ್ನೂದು ಗುಡಿ ಕಮಿಟಿ ಅಧ್ಯಕ್ಷಗ ಚಹಾದಂಗಡ್ಯಾಗ ಗೊತ್ತಾಗಬೇಕೇನು?"

"ಇನ್ನಾ ಪಕ್ಕಾ ಆಗಿಲ್ರಿ."

"ನಾವ ಅದೇವಲ್ಲ, ಪಕ್ಕಾ ಮಾಡೋಣು. ಹೊಸಾ ಹೂವಿಗೆ ಹೆಸರ ಇಡ್ತಾರಂತಲ್ಲ? ನಮ್ಮಪ್ಪನ ಹೆಸರ ಇಡಸ್ರಿ. ಭಾಳ ದೊಡ್ಡ ಮನಷ್ಯಾ."

ಬಾಗಿಲಲ್ಲಿ ನೆರಳು ಬಿತ್ತು. ಪಂಚಾಯ್ತಿಯ ಮಾಜಿ ಮೆಂಬರ ಲಕ್ಷ್ಮಪ್ಪ. ಗುಡಿಯ ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಬರಬೇಕು ಎಂಬುದರ ಮೇಲೆ ಮಾತು ಬಿಟ್ಟಿದ್ದ ಇಬ್ಬರೂ ಅಂದಿನಿಂದ ಮೂರನೆಯವರ ಮೂಲಕವೇ ಜಗಳ ಆಡುತ್ತಿದ್ದರು. ಲಕ್ಷ್ಮಪ್ಪ ಒಲೆಯ ಮುಂದಿದ್ದ ಸಿದ್ದಾರೂಢನ ತಾಯಿ ಗುರುಸಿದ್ದವ್ವನ ಕಡೆ ತಿರುಗಿದ.

"ಯವ್ವಾ, ಒಳಗ ಕುಂತವ್ರಿಗೆ ಹೇಳು. ಅವರಪ್ಪ ಜಲ್ಮದಾಗ ಒಂದ ಹೂವಿನ ಗಿಡಾ ಹಚ್ಚಿದವಲ್ಲ. ಇದ್ದ ಬೇವಿನ ಮರಾ ಕಡಿಸ್ಯಾನ."

"ಯವ್ವಾ, ಹೊರಗ ನಿಂತವ್ರಿಗೆ ಹೇಳು. ಆ ಕಟಗಿಲೇನ ಅವರ ಮನಿ ಬಾಗಲಾ ಆಗೇತಿ."

"ನಡಕ ನನ್ನ ಯಾಕ ಟಪಾಲ ಮಾಡ್ತೀರ್ಯೋ?" ಎಂದಳು ಗುರುಸಿದ್ದವ್ವ. "ರೊಟ್ಟಿ ಸೀಯಾಕತ್ತಾವು. ಹೋಗ್ರಿ, ಗುಡ್ಡದಾಗ ಜಗಳಾಡ್ರಿ."

ಅವಳು ಮಾತಿಗೆ ಹೇಳಿದ್ದು. ಅವರಿಬ್ಬರೂ ಕೆಲಸವೆಂದು ತಿಳಿದು ಹೊರಟೇಬಿಟ್ಟರು. ಸಿದ್ದಾರೂಢ ಹಿಂದೆಯೇ ಏಳಹೋದ. "ಎದ್ದೀ ಅಂದ್ರ ನೋಡು, ಬರೇ ಹೊಟ್ಟಿಲೆ ದೊಡ್ಡ ಮಂದಿ ಮುಂದ ನಿಂತು ಚಕ್ಕರ ಬಂದು ಬೀಳ್ತಿ" ಎಂದು ತಾಯಿ ಇನ್ನೊಂದು ರೊಟ್ಟಿ ಹಾಕಿದಳು. ಅದನ್ನು ಮುಗಿಸಿದ. ಅದೇ ತಪ್ಪಾಯಿತು.

ಅವನು ಇಳಿಜಾರು ತಲುಪಿದಾಗ ಅಲ್ಲಿ ಶಾಮಿಯಾನ ನಿಂತಿತ್ತು. ದಾರಿಯ ಎರಡೂ ಬದಿ ಮಂತ್ರಿಗಳು ಬರುವಾಗ ಹಾಕುವಂಥ ಸುಣ್ಣದ ಗೆರೆ. ದೊಡ್ಡ ಕಲ್ಲುಗಳಿಗೆಲ್ಲ ಸುಣ್ಣ ಬಳಿದು ಅವು ಮದುವೆಗೆ ಹೊರಟ ಮುದುಕರಂತೆ ಕಾಣುತ್ತಿದ್ದವು. ಮೈಕಿನಲ್ಲಿ ಯಾರೋ 'ಹಲೋ, ಹಲೋ' ಎಂದು ಗುಡ್ಡವನ್ನು ಕರೆಯುತ್ತಿದ್ದರು. ಗುಡ್ಡ ಪ್ರತಿ ಸಲವೂ ಓಗೊಡುತ್ತಿತ್ತು.

ಸಿದ್ದಾರೂಢ ನೆಲ ನೋಡಿದ. ಗಿಡಗಳಿದ್ದವು, ಬೇರು ಇದ್ದವು. ಹೂ ಒಂದೂ ಇರಲಿಲ್ಲ.

"ಹೂ ಎಲ್ಲಿ?" ಎಂದ.

ಹುಚ್ಚೀರಪ್ಪ ಹೆಮ್ಮೆಯಿಂದ ಮೇಜಿನ ಕಡೆ ಕೈ ತೋರಿಸಿದ. ಅಲ್ಲೊಂದು ದೊಡ್ಡ ಪರಾತ, ಅದರ ತುಂಬ ನೀಲಿ ಹೂ, ಮೇಲೆ ಅರಿಷಿಣ ಕುಂಕುಮ. "ಮೇಡಮ್ಮಾರು ಬಿಸಲಾಗ ಬಗ್ಗಿ ಬಗ್ಗಿ ನೋಡೂದ್ಯಾಕ? ನಾವ ಹರದ ಇಟ್ಟೇವಿ. ಮ್ಯಾಲಿನೂವು ನಮ್ಮ ಮಂದಿ ಹರದದ್ದು."

"ತೆಳಗಿನೂವು ನಮ್ಮ ಮಂದಿ" ಎಂದು ಲಕ್ಷ್ಮಪ್ಪ ಆಕಾಶಕ್ಕೆ ಹೇಳಿದ.

"ಎರಡೂ ಕೂಡಿಸಿಬಿಟ್ರ್ಯಾ?"

"ನಾನ ಕೂಡಿಸಿದೆ ಸರ" ಎಂದ ವೀರು. "ಊರಾಗ ಒಗ್ಗಟ್ಟಿಲ್ಲ, ಹೂವಾಗರ ಇರಲಿ ಅಂತ."

ಸಿದ್ದಾರೂಢ ಭೂತಗನ್ನಡಿ ತೆಗೆದು, ಪರಾತದ ಮುಂದೆ ಕೂತು, ಕುಂಕುಮ ಊದಿ, ಒಂದೊಂದೇ ಹೂ ಎತ್ತಿ ಎರಡು ಗುಂಪು ಮಾಡತೊಡಗಿದ. ಮೇಡಂ ಬರುವುದರೊಳಗೆ ಮುಗಿಯಬೇಕು. ಗಾಳಿಗೂ ಜಾಗವಿಲ್ಲದಂತೆ ಜನ ಸುತ್ತ ಮುಕುರಿದರು. ಕಿರಾಣಿ ಅಂಗಡಿಯ ಗೌಸಬಿ ತಲೆ ತೂರಿಸಿದಳು.

"ಅಕ್ಕ್ಯಾಗಿನ ಹಳ್ಳಾ ಆರಿಸಿದಂಗ ಆರಸ್ತೀರಲ್ರಿ ಸರ. ಏನ್ ಫರಕ್ ಐತಿ ಇವಕ್ಕ?"

"ಇದರದು ರೋಮ ಮಲಗ್ಯಾವು. ಇದರದು ನಿಂತಾವು."

ಗೌಸಬಿ ಕನ್ನಡಿ ಇಸಿದುಕೊಂಡು ನೋಡಿದಳು. "ಯಾ ಅಲ್ಲಾ! ಕೂದಲ ನಿಂತಾವೋ ಮಲಗ್ಯಾವೋ ನೋಡಾಕ ಇಷ್ಟ ವರ್ಸ ಸಾಲಿ ಕಲತ್ರೇನು?"

ಗುರುಸಿದ್ದವ್ವನೂ ಅಷ್ಟರಲ್ಲಿ ಬಂದಿದ್ದಳು. ಸುತ್ತಲಿನ ಹಳ್ಳಿಗಳಲ್ಲಿ ಯಾರ ಮನೆಗೆ ಯಾರ ಹೆಣ್ಣು ಹೊಂದುತ್ತದೆ ಎಂಬುದು ಅವಳ ನಾಲಿಗೆಯ ಮೇಲೇ ಇತ್ತು. ಎರಡೂ ಹೂ ಹಿಡಿದು ತಿರುಗಿಸಿ ನೋಡಿ, "ಇದು ಯಾರ ಪೈಕಿ?" ಎಂದು ಕೇಳಿದಳು.

"ಮಲಗಿದ ರೋಮದ್ದು ನಮ್ಮ ಕಡೇದು ಯವ್ವಾ. ನಿಂತದ್ದು ಮರುಭೂಮೀದು."

"ಕೊಡೂದು ತರೂದು ಐತೇನು ಇವರೊಳಗ?"

"ಆಗ್ತಾವು."

"ಹಂಗಾರ ಬ್ಯಾರೆ ಅಂತ ಯಾಕ ಅಂತಿ? ಒಂದ ಮನಿ ಮಂದಿ."

ಧಾರವಾಡದಲ್ಲಿ ದೊಡ್ಡ ದೊಡ್ಡವರು ಇದೇ ಪ್ರಶ್ನೆಯ ಮೇಲೆ ಮಾತು ಬಿಟ್ಟದ್ದನ್ನು ಅವನು ಕಂಡಿದ್ದ. ಉತ್ತರ ಕೊಡಲು ಹೊತ್ತಿರಲಿಲ್ಲ. ಆದರೆ 'ನಮ್ಮ ಕಡೇದು' ಎಂಬ ಮಾತು ಆಗಲೇ ಶಾಮಿಯಾನದ ಕೊನೆ ಮುಟ್ಟಿ ಕೆಲಸ ಮಾಡಿತ್ತು. "ಇಲ್ಲೀದೇನು ನೋಡೂದು, ಒಗೀರಿ ಅತ್ತಾಗ" ಎಂದು ಯಾರೋ ಮಲಗಿದ ರೋಮದ ಗುಂಪನ್ನು ಅನಾಮತ್ತು ನೆಲಕ್ಕೆ ಸುರಿದರು. ಹೊರಗಿನಿಂದ ಬಂದದ್ದು ಯಾವುದು ಎಂದು ಗೊತ್ತಾದ ಮೇಲೆ ಎಲ್ಲರಿಗೂ ಅದೇ ಬೇಕು. ಹೆಂಗಸರು ಒಂದೊಂದು ಮುಡಿದುಕೊಂಡರು. ಲಕ್ಷ್ಮಪ್ಪ ಕಿವಿಗೆ ಸಿಕ್ಕಿಸಿಕೊಂಡ. ತನ್ನ ಮಂದಿ ಹರಿದದ್ದು ಬರೀ ಊರಿನ ಹೂವೆಂದು ಗೊತ್ತಾದಾಗಿನಿಂದ ಅವನ ಮುಖ ಸಪ್ಪಗಾಗಿತ್ತು.

ಜೀಪು ಬಂತು. ಚಾಲಕ ಶಾನವಾಜ ಸುಣ್ಣದ ಗೆರೆ ಅಳಿಸದಂತೆ ಸರ್ಕಸ್ಸು ಮಾಡಿ ನಿಲ್ಲಿಸಿದ. ವನಿತಾ ಮೇಡಂ ಇಳಿದರು. ಸಣ್ಣ ದೇಹ, ದೊಡ್ಡ ಟೋಪಿ. ಬ್ಯಾಂಡಿನವರು ಊದಲು ಶುರುಮಾಡಿದರು. ಅವರು ಬೆರಳೆತ್ತಿದರು. ಬ್ಯಾಂಡು ನಿಂತಿತು. ಸಿದ್ದಾರೂಢನಿಗೆ ಅವರ ಮೇಲೆ ಭಕ್ತಿಯೇ ಹುಟ್ಟಿತು.

"ಹೂ ಯಾರು ಕಿತ್ತರು?"

ಅಲ್ಲಿಯವರೆಗೆ ನಾವು ನಾವು ಎನ್ನುತ್ತಿದ್ದವರೆಲ್ಲ ಗುಡ್ಡದ ಸೊಬಗು ನೋಡತೊಡಗಿದರು.

ಮೇಡಂ ನೆಲದಿಂದ ಒಂದು ಹಿಡಿ, ಮೇಜಿನಿಂದ ಒಂದು ಹಿಡಿ ತೆಗೆದುಕೊಂಡು ಟೋಪಿಯೊಳಗೆ ಕಲಸಿದರು. ಒಂದು ಎತ್ತಿ ಅವನ ಮುಂದೆ ಹಿಡಿದರು. ಸಿದ್ದಾರೂಢ ಕನ್ನಡಿ ಇಟ್ಟು ನೋಡಿ "ನಮ್ಮದು" ಎಂದ. ಇನ್ನೊಂದು. "ಮರುಭೂಮಿ." ಮತ್ತೊಂದು. "ಮರುಭೂಮಿ." ಹೇಳಿದ ಪ್ರತಿ ಸಲ ಮೇಡಂ ತಮ್ಮ ಕನ್ನಡಿಯಲ್ಲಿ ನೋಡಿ ತಲೆಯಾಡಿಸುತ್ತಿದ್ದರು. ವೀರು ಮೈಕು ಹಿಡಿದು, "ಮಾಸ್ತರು ಮತ್ತೊಂದು ಹೊಡದ್ರೂ!" ಎಂದು ಕೂಗಿದ. ಜನ ಶಿಳ್ಳೆ ಹಾಕಿದರು. ಹೂವಿನ ರೋಮಕ್ಕೆ ಶಿಳ್ಳೆ ಬಿದ್ದದ್ದು ಅದೇ ಮೊದಲಿರಬೇಕು. ಕೊನೆಗೆ ಸಿದ್ದಾರೂಢ ಕನ್ನಡಿಯನ್ನೂ ಬಿಟ್ಟು, ಕೆನ್ನೆಗೆ ಸವರಿಕೊಂಡೇ ಹೇಳತೊಡಗಿದ. ಒಂದೂ ತಪ್ಪಲಿಲ್ಲ.

ಮೇಡಂ ಟೋಪಿ ಝಾಡಿಸಿ ತಲೆಗಿಟ್ಟುಕೊಂಡರು. "ನೀವು ಹೇಳಿದ್ದು ಸರಿ. ಇದು ಮರುಭೂಮಿಯದೇ. ಇಷ್ಟು ಚೆನ್ನಾಗಿ ಬೇರ್ಪಡಿಸುವವರನ್ನು ನಾನು ನೋಡಿಲ್ಲ. ನನಗೂ ಇಷ್ಟು ಬೇಗ ಆಗೋದಿಲ್ಲ." ಸಿದ್ದಾರೂಢ ಇಸ್ತ್ರಿ ಅಂಗಿ ಎಳೆದು ಸರಿಮಾಡಿಕೊಂಡ. "ಒಂದೇ ಪ್ರಶ್ನೆ. ಇಲ್ಲಿಗೆ ಹೇಗೆ ಬಂತು ಅಂತೀರಿ?"

ಅವನು ಆ ಪ್ರಶ್ನೆಗಾಗಿಯೇ ಕಾದಿದ್ದ. ಹಳೆಯ ಕಾಲ, ಒಣಗಿದ ಗಾಳಿ, ಹಿಂದೆ ಸರಿದ ಮರುಭೂಮಿ, ಮರೆತುಹೋದ ಒಂದು ಇಳಿಜಾರು. ಎಲ್ಲವನ್ನೂ ಹೇಳಿದ. ಬದುಕಿನಲ್ಲಿ ಅಷ್ಟುದ್ದ ಎಂದೂ ಮಾತಾಡಿರಲಿಲ್ಲ. ಗುಡ್ಡ ಸುಮ್ಮನಾಯಿತು, ಮೈಕು ಕೂಡ ಕುಂಯ್ ಎನ್ನಲಿಲ್ಲ. ಗುರುಸಿದ್ದವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗ ಇಷ್ಟು ಮಾತಾಡಬಲ್ಲ ಎಂಬುದು ಅವಳಿಗೂ ಹೊಸದು.

"ಸಾಧ್ಯ" ಎಂದರು ಮೇಡಂ. "ತುಂಬ ಸಾಧ್ಯ. ಒಂದನೇ ತಾರೀಖಿಗೆ ಧಾರವಾಡಕ್ಕೆ ಬನ್ನಿ."

ಹುಚ್ಚೀರಪ್ಪ ಶಾಲು ಹಿಡಿದು ಮುಂದೆ ಬಂದವನು ಅಲ್ಲೇ ನಿಂತ. "ಮೇಡಮ್ಮಾರ, ಒಂದ ಮಾತು. ಮರುಭೂಮಿ ಅಂದ್ರ ಎಲ್ಲೀದು?"

"ರಾಜಸ್ಥಾನದ್ದು."

ಅವನ ಮುಖ ಹೊಸದಾಗಿ ಬಣ್ಣ ಬಳಿದ ಗೋಡೆಯಂತೆ ಬೆಳಗಿತು. ವೀರುವಿನ ಕೈಯಿಂದ ಮೈಕು ಕಸಿದುಕೊಂಡ. "ಊರ ಹಿರಿಯರ, ಕೇಳ್ರಿ! ಈ ಹೂ ಇಲ್ಲಿಗೆ ಬಂದದ್ದು ನನ್ನಿಂದ! ಗುಡಿಗೆ ಮಾರ್ಬಲ್ ಎಲ್ಲಿಂದ ತರಿಸಿದ್ದು? ರಾಜಸ್ಥಾನದಿಂದ! ಕಲ್ಲಿನ ಫಳಿ ಒಡೀಬಾರದಂತ ಲಾರಿ ತುಂಬ ಹುಲ್ಲು ತುಂಬಿಸಿದ್ರು. ಆ ಹುಲ್ಲು ತಂದು ಸುರಿದದ್ದು ಇಲ್ಲೇ, ಇದ ಜಾಗಾದಾಗ!"

ಲಕ್ಷ್ಮಪ್ಪ ಸಭೆ ಸೀಳಿಕೊಂಡು ಬಂದ. ಇಷ್ಟು ದೊಡ್ಡ ಕೀರ್ತಿ ಎದುರಿನವನೊಬ್ಬನ ಪಾಲಾಗುವುದನ್ನು ನೋಡಿ ಮಧ್ಯಸ್ಥರನ್ನು ಹುಡುಕುವಷ್ಟೂ ತಾಳ್ಮೆ ಉಳಿದಿರಲಿಲ್ಲ. "ಏ ಹುಚ್ಚೀರಪ್ಪಾ, ಲಾರಿ ಓಣ್ಯಾಗ ಹೊಳ್ಳಲಾರದಕ್ಕ ನನ್ನ ಹೊಲದಾಗ ದಾರಿ ಕೊಟ್ಟವ ಯಾರು? ಹುಲ್ಲು ಮ್ಯಾಲ ಸುರೀರಿ ಅಂತ ಕೈ ಮಾಡಿ ತೋರಿಸಿದವ ಯಾರು? ನಾನು!"

ಆಗ ಸಿದ್ದಾರೂಢ ಧಾರವಾಡದಲ್ಲಿ ಓದುತ್ತಿದ್ದ. ಆಮೇಲೆ ಊರಿಗೆ ಬಂದು ಗುಡಿಯ ಆ ನುಣುಪು ನೆಲದ ಮೇಲೆ ಸೋಮವಾರಕ್ಕೊಮ್ಮೆ ಅಡ್ಡಬೀಳುತ್ತಿದ್ದ. ಸಾವಿರಾರು ವರ್ಷ ಹಿಂದಿನದನ್ನು ಕಂಡಂತೆ ಹೇಳಿದವನು, ಹಣೆ ಹಚ್ಚಿದ ಕಲ್ಲು ಎಲ್ಲಿಯದೆಂದು ಒಮ್ಮೆಯೂ ಕೇಳಿರಲಿಲ್ಲ.

ಮೇಡಂ ಅವನ ಮುಖ ನೋಡಲಿಲ್ಲ. ಅದು ಅವರ ಒಳ್ಳೆಯತನ. "ಹಾಗಾದರೆ ಇದು ಉಳಿದುಬಂದದ್ದಲ್ಲ, ಲಾರಿಯಲ್ಲಿ ಬಂದದ್ದು. ಆ ಹುದ್ದೆ ಈ ನೆಲದ್ದೇ ಆದ ಗಿಡಗಳಿಗೆ ಇರೋದು, ಸಿದ್ದಾರೂಢ. ಇದು ಹೊರಗಿನ ಕಳೆ. ನಮ್ಮದರ ಜೊತೆ ಬೆರೆತರೆ ನಮ್ಮದು ಉಳಿಯೋದಿಲ್ಲ. ಹಬ್ಬೋದರೊಳಗೆ ತೆಗೀಬೇಕು."

ಕಿವಿಗಳಿಂದ, ತುರುಬುಗಳಿಂದ ನೀಲಿ ಹೂ ಒಂದೊಂದಾಗಿ ಸದ್ದಿಲ್ಲದೆ ಕೆಳಗೆ ಬಿದ್ದವು.

"ಈಗರ ಬಂಗಾರಾಗಿತ್ತು" ಎಂದಳು ಗುರುಸಿದ್ದವ್ವ. "ಒಂದ ಗಳಿಗ್ಯಾಗ ಕಸಾ ಆತೇನು?"

"ಹುಲ್ಲು ಸುರೀರಿ ಅಂದವ ಲಕ್ಷ್ಮಪ್ಪ" ಎಂದ ಹುಚ್ಚೀರಪ್ಪ.

"ತರಿಸಿದವ ನೀನು" ಎಂದ ಲಕ್ಷ್ಮಪ್ಪ.

"ಎಷ್ಟು ದೂರ ಹಬ್ಬಿದೆ, ನೋಡೋಣ" ಎಂದು ಮೇಡಂ ಇಳಿಯತೊಡಗಿದರು. ಸಭೆ ಹಿಂದೆ ಹೊರಟಿತು. ಇಳಿಜಾರು ಮುಗಿದ ಮೇಲೂ ಕಾಲುದಾರಿಯ ಅಂಚಿನಲ್ಲಿ ನೀಲಿ ಹೂ. ಮೇಡಂ ಬಗ್ಗಿ ನೋಡಿದರು: ರೋಮ ನಿಂತಿತ್ತು. ದಾರಿ ಬಿಟ್ಟು ಆಚೆ ಒಂದೂ ಇಲ್ಲ. ವೀರುವಿನ ಅಂಗಡಿಯ ಮುಂದೆ, ಒಂದೇ ಒಂದು ಬೆಂಚಿನ ಕೆಳಗೆ, ಹುಲುಸಾಗಿ ಹಬ್ಬಿತ್ತು. ಗೌಸಬಿಯ ಅಂಗಡಿಯ ಮೆಟ್ಟಿಲ ಸಂದಿಯಲ್ಲಿ ಇತ್ತು. ಮುಂದೆ ಬಸ್ ನಿಲ್ಲುವ ಕಂಬದ ಬುಡದಲ್ಲೂ ಇತ್ತು. ಅಲ್ಲಿಂದ ಓಣಿ ಹೊಕ್ಕು, ಯಾರ ಮನೆಯ ಮುಂದೂ ನಿಲ್ಲದೆ, ಸಾಲು ನೇರವಾಗಿ ಸಿದ್ದಾರೂಢನ ಹೊಸ್ತಿಲಿಗೆ ಬಂದು ಮುಟ್ಟಿತು.

ಮೇಡಂ ಅವನ ಕಾಲು ನೋಡಿದರು. ಹಿಂದಿನ ರಾತ್ರಿಯ ಮಳೆಗೆ ನೆನೆದ ಎರೆಮಣ್ಣು ಚಪ್ಪಲಿಯ ತಳಕ್ಕೆ ಪದರ ಪದರವಾಗಿ ಹತ್ತಿತ್ತು. ಒಂದು ಹೆಂಟೆ ಬಿಡಿಸಿ ಅಂಗೈಯಲ್ಲಿ ಪುಡಿ ಮಾಡಿದರು. ಮಣ್ಣಿನೊಳಗೆ ಸಾಸಿವೆಗಿಂತ ಸಣ್ಣ ಬೀಜಗಳು.

"ದಿನಾ ಗುಡ್ಡಕ್ಕೆ ಹೋಗ್ತಿದ್ರಾ?"

"ಹ್ಞೂಂ" ಎಂದ ಸಿದ್ದಾರೂಢ.

ಹುಚ್ಚೀರಪ್ಪ ಲಕ್ಷ್ಮಪ್ಪನ ಮುಖ ನೋಡಿದ. ಲಕ್ಷ್ಮಪ್ಪ ಹುಚ್ಚೀರಪ್ಪನ ಮುಖ ನೋಡಿದ. "ನೋಡಪಾ ಲಕ್ಷ್ಮಪ್ಪಾ, ನಾವು ಒಂದ ಕಡೆ ಸುರದ್ವಿ. ಊರ ತುಂಬ ಬಿತ್ತಿದವ ಮಾಸ್ತರ." "ಖರೆ ಹೇಳಿದಿ" ಎಂದು ಲಕ್ಷ್ಮಪ್ಪ ಅವನ ಹೆಗಲ ಮೇಲೆ ಕೈ ಹಾಕಿದ. ಸನ್ಮಾನಕ್ಕೆಂದು ತಂದ ಶಾಲು ಇಬ್ಬರಿಗೂ ಸಾಲುವಷ್ಟು ಅಗಲವಿತ್ತು. ಇಬ್ಬರೂ ಹೊದ್ದುಕೊಂಡು ಚಹಾಕ್ಕೆ ಹೋದರು.

ಮೇಡಂ ಮಾತ್ರ ಏನೋ ನೆನಪಾದವರಂತೆ ಫೋನ್ ತೆಗೆದು, ಅವನ ಕಾಲೇಜಿನ ಪ್ರಾಂಶುಪಾಲರೊಡನೆ ದೂರ ನಿಂತು ಬಹಳ ಹೊತ್ತು ಮಾತಾಡಿದರು. ಕೈ ಅವನ ಕಡೆ ತೋರಿಸುತ್ತಿತ್ತು. 'ಇವರನ್ನು ಬಿಡಬೇಡಿ', 'ಇಂಥ ಕಣ್ಣು ಬೇರೆ ಯಾರಿಗೂ ಇಲ್ಲ' ಎಂಬ ಮಾತುಗಳು ತುಂಡು ತುಂಡಾಗಿ ಕೇಳಿದವು. ಸತ್ತೇ ಹೋಗಿತ್ತೆಂದುಕೊಂಡಿದ್ದ ಆಸೆ ಎದೆಯಲ್ಲಿ ಮತ್ತೆ ತಲೆಯೆತ್ತಿತು. ಮೇಡಂ ನಗುತ್ತ ಬಂದು ಫೋನನ್ನು ಅವನ ಕೈಗೆ ಕೊಟ್ಟರು.

"ಸಿದ್ದಾರೂಢ ಅವರ, ಅಭಿನಂದನೆ" ಎಂದರು ಪ್ರಾಂಶುಪಾಲರು. "ಮೇಡಂ ಎಲ್ಲಾ ಹೇಳಿದ್ರು. ಬರೂ ವರ್ಷಾನೂ ನಿಮ್ಮನ್ನ ಇಟಗೋತೀವಿ. ಇನ್ನ ಯಾವ ಚಿಂತೀನೂ ಮಾಡಬ್ಯಾಡ್ರಿ."

"ಭಾಳ ಉಪಕಾರ ಆತ್ರಿ ಸರ."

"ಪಾಠ ಹೇಳಾಕ ಅಲ್ಲ ಮತ್ತ. ಈಗಷ್ಟ ಹೊರಗ ಹೋಗಿ ನೋಡಿ ಬಂದೆ. ಗೇಟಿನಿಂದ ಹಿಡಕೊಂಡು ನಿಮ್ಮ ಕ್ಲಾಸಿನ ಬಾಗಲದ ತನಕಾ ನೀಲಿ ಹೂ ಅದಾವು. ನಾವೆಲ್ಲಾ ಸರ್ಕಾರದವರು ಹಚ್ಚಿಸ್ಯಾರ ಅಂತ ನೀರ ಬ್ಯಾರೆ ಹಾಕಿಸ್ತಿದ್ವಿ. ಯಾವುದ ಕೀಳಬೇಕು, ಯಾವುದ ಬಿಡಬೇಕು ಅನ್ನೂದು ನಿಮಗೊಬ್ಬರಿಗೇ ಗೊತ್ತಂತಲ್ಲ. ನಾಳಿಂದ ಕಳೆ ತಗಿಯೂ ಕುರ್ಪಿ ತಗೊಂಡು ಬಂದ್ಬಿಡ್ರಿ." ಅವರು ಸ್ವಲ್ಪ ತಡೆದು, ಹೇಳಲೋ ಬೇಡವೋ ಎಂಬಂತೆ ಕೆಮ್ಮಿದರು. "ಮತ್ತ ಇನ್ನೊಂದು. ತಪ್ಪ ತಿಳಕೋಬ್ಯಾಡ್ರಿ... ಬರೂವಾಗ ಬರಿಗಾಲಲೆ ಬರ್ರಿ."